ಕೋಸ್ಟರಿಕಾ, ಭೂತಾನ್ ಮಾಡಿದ್ದನ್ನು ನಮ್ಮ ಮೂರು ಜಿಲ್ಲೆ ಯಾಕೆ ಮಾಡಬಾರದು?

ಕಾಗಿಣಾ ದಂಡೆ, ಸೇಡಂ

ಎಲ್ಲರಿಗೂ ನಮಸ್ಕಾರ. ಕಾಡು, ನೆಲ ಕಾಯುವುದಕ್ಕೂ ಬೆಲೆ ಕಟ್ಟಿದ ಸಣ್ಣ ದೇಶಗಳಿಂದ ನಾವು ಏನು ಕಲಿಯಬಹುದು ಅನ್ನುವುದು ನನ್ನ ಪ್ರಶ್ನೆ. ಮೊದಲು ಒಂದು ಲೆಕ್ಕ ಇಡುತ್ತೇನೆ, ನೋಡಿ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಗೆ 25.66 ಲಕ್ಷ ಜನ, ಬೀದರ್‌ಗೆ 17.03 ಲಕ್ಷ, ಯಾದಗಿರಿಗೆ 11.74 ಲಕ್ಷ. ಕೂಡಿಸಿದರೆ 54 ಲಕ್ಷ ದಾಟುತ್ತದೆ. ಮಧ್ಯ ಅಮೆರಿಕದ ಕೋಸ್ಟರಿಕಾ ಅನ್ನುವ ಇಡೀ ದೇಶದಲ್ಲಿ ಇರುವವರು ಸುಮಾರು 51 ಲಕ್ಷ. ಭೂತಾನ್‌ನಲ್ಲಿ 8 ಲಕ್ಷದ ಒಳಗೆ. ಅಂದಮೇಲೆ ತಲೆ ಎಣಿಸಿದರೆ ನಾವೇ ಒಂದು ಸಣ್ಣ ದೇಶ, ಅಲ್ವಾ?

ಈ ದೇಶಗಳ ಮಾತು ಬಂದಾಗಲೆಲ್ಲ ನಮ್ಮವರು "ಅಲ್ಲಿ ಕಾಡಿದೆ, ಬೆಟ್ಟ ಇದೆ, ಅವರದು ಬೇರೆ" ಅಂತ ಮುಗಿಸಿಬಿಡುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಕೋಸ್ಟರಿಕಾದಲ್ಲಿ 1980ರ ದಶಕದ ಹೊತ್ತಿಗೆ ಕಾಡು ಸುಮಾರು ಕಾಲು ಭಾಗಕ್ಕೆ ಇಳಿದಿತ್ತು. ಅಮೆರಿಕಕ್ಕೆ ದನದ ಮಾಂಸ ಕಳಿಸುವ ಸಲುವಾಗಿ ಕಾಡು ಕಡಿದು ಹುಲ್ಲುಗಾವಲು ಮಾಡಿದ್ದರು, ಬ್ಯಾಂಕುಗಳು ಅದಕ್ಕೇ ಅಗ್ಗದ ಸಾಲ ಕೊಟ್ಟಿದ್ದವು. ಈಗ ಅದೇ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ ನೆಲ ಕಾಡು. 1996ರಲ್ಲಿ ಅರಣ್ಯ ಕಾಯ್ದೆ ತಂದರು. ಕಾಡನ್ನು ಬೇರೆ ಕೆಲಸಕ್ಕೆ ಬದಲಿಸುವಂತಿಲ್ಲ ಅಂದರು. ಅಷ್ಟೇ ಹೇಳಿ ಸುಮ್ನೆ ಕೂರಲಿಲ್ಲ, ಕಾಡು ಉಳಿಸಿಕೊಂಡ ಜಮೀನಿನವರಿಗೆ ದುಡ್ಡು ಕೊಡಲು ಶುರು ಮಾಡಿದರು. ನೀರು ಕಾಯುವುದು, ಇಂಗಾಲ ಹಿಡಿದಿಡುವುದು, ಪ್ರಾಣಿ ಪಕ್ಷಿಗೆ ನೆಲೆ, ನೋಡಲು ಬರುವವರಿಗೆ ಚೆಂದದ ನೋಟ, ಈ ನಾಲ್ಕೂ ಕೆಲಸಕ್ಕೆ ಬೆಲೆ ಇದೆ ಅಂತ ಕಾಯ್ದೆಯಲ್ಲೇ ಬರೆದರು. ದುಡ್ಡು ಎಲ್ಲಿಂದ? ಪೆಟ್ರೋಲ್, ಡೀಸೆಲ್ ಮೇಲೆ ಬರುವ ತೆರಿಗೆಯಲ್ಲಿ ಶೇ. 3.5 ಅದಕ್ಕೇ ಮೀಸಲು.

ನನಗೆ ಮುಖ್ಯ ಅನಿಸುವುದು ಇದೇ. ಯಾರು ಕೊಡಬೇಕು, ಯಾರಿಗೆ ಹೋಗಬೇಕು ಅನ್ನುವುದನ್ನು ಅವರು ಮೊದಲೇ ತೀರ್ಮಾನ ಮಾಡಿದರು. ನಮ್ಮಲ್ಲಿ ಹಸಿರು ಅಂದರೆ ಜೂನ್ 5ಕ್ಕೆ ಸಸಿ ನೆಡುವುದು, ಫೋಟೋ ತೆಗೆಯುವುದು. ನಮ್ಮ ಸೇಡಂ, ಚಿತ್ತಾಪುರದ ನೆಲದಿಂದ ದಿನಾ ರೈಲುಗಟ್ಟಲೆ ಸಿಮೆಂಟ್ ಹೋಗುತ್ತದೆ. ಆ ಕಲ್ಲಿನ ದುಡ್ಡಲ್ಲಿ ಒಂದು ಪಾಲು ಈ ನೆಲ ಕಾಯುವವರಿಗೆ ಯಾಕೆ ಬರಬಾರದು? ಚರ್ಚೆ ಮಾಡೋಣ.

ಎರೆಹೊಲ, ಆಳಂದ

ಅಣ್ಣಾ, ತಲೆ ಲೆಕ್ಕ ಸರಿ. ನೆಲದ ಲೆಕ್ಕವನ್ನೂ ಹಾಕಬೇಕು. ಕೋಸ್ಟರಿಕಾ 51,000 ಚದರ ಕಿ.ಮೀ. ಚಿಲ್ಲರೆ, ನಮ್ಮ ಮೂರೂ ಜಿಲ್ಲೆ ಸೇರಿ 22,000ದ ಒಳಗೆ. ಅವರಿಗಿಂತ ಜಾಸ್ತಿ ಜನ, ಅರ್ಧಕ್ಕಿಂತ ಕಡಿಮೆ ನೆಲ. ಚಿಂಚೋಳಿ ಕಡೆ 2011ರಲ್ಲಿ ವನ್ಯಜೀವಿ ಧಾಮ ಆಯಿತು, ಅದೇ ಸುಮಾರು 135 ಚದರ ಕಿ.ಮೀ. ಅದು ಬಿಟ್ಟರೆ ಇಲ್ಲಿ ಕಾಡು ಅಂತ ಬೆರಳು ಮಾಡಿ ತೋರಿಸುವ ಜಾಗ ಎಷ್ಟಿದೆ? ಹತ್ತಕ್ಕೆ ಒಂದು ಪಾಲೂ ಇಲ್ಲ. ಕಾಡಿಗೆ ದುಡ್ಡು ಅನ್ನುವ ಪದ್ಧತಿಯನ್ನು ಹಾಗೇ ತಂದರೆ ನಮಗೆ ಏನೂ ಸಿಗುವುದಿಲ್ಲ.

ನಮ್ಮಲ್ಲಿ ಇರುವುದು ಎರೆ ಹೊಲ, ಅದರಲ್ಲಿ ತೊಗರಿ. ಅದರ ಕೆಲಸ ನೋಡಿ. ಮಳೆ ನೀರಲ್ಲೇ ಬರುತ್ತದೆ, ಕಾಲುವೆ ಕೇಳುವುದಿಲ್ಲ. ಬೇರು ಆಳಕ್ಕೆ ಹೋಗುತ್ತದೆ. ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡುತ್ತದೆ. ಎಲೆ ಉದುರಿ ಅಲ್ಲೇ ಗೊಬ್ಬರ ಆಗುತ್ತದೆ. ಕಟ್ಟಿಗೆ ಒಲೆಗೆ, ಹೊಟ್ಟು ದನಕ್ಕೆ. ಹಸಿರು ಆರ್ಥಿಕತೆ ಅಂತ ದೊಡ್ಡ ದೊಡ್ಡ ಸಭೆಯಲ್ಲಿ ಮಾತಾಡುವುದೆಲ್ಲ ನಮ್ಮ ಹೊಲದಲ್ಲಿ ಆಗಲೇ ನಡೆದಿದೆ, ಅದಕ್ಕೆ ಕೂಲಿ ಮಾತ್ರ ಯಾರೂ ಕೊಟ್ಟಿಲ್ಲ.

ಇನ್ನೊಂದು ಮಾತು, ಇದು ನನಗೆ ಬಹಳ ನೋವಾಗುವ ವಿಷಯ. ಯೂರಿಯಾ 45 ಕಿಲೋ ಚೀಲ ರೈತನಿಗೆ 266 ರೂಪಾಯಿ 50 ಪೈಸೆಗೆ ಸಿಗುತ್ತದೆ. ಅದರ ನಿಜವಾದ ಖರ್ಚು ಹಲವು ಪಟ್ಟು ಜಾಸ್ತಿ, ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಕಬ್ಬಿಗೆ, ಭತ್ತಕ್ಕೆ ಚೀಲಗಟ್ಟಲೆ ಹಾಕುವವನಿಗೆ ಆ ಸಹಾಯಧನ ಪೂರ್ತಿ ಸಿಗುತ್ತದೆ. ಯೂರಿಯಾ ಬೇಡದ ಬೆಳೆ ಬೆಳೆಯುವ ನನಗೆ ಅದರಲ್ಲಿ ಬಿಡಿಗಾಸೂ ಇಲ್ಲ. ನಾನು ಉಳಿಸಿದ ಚೀಲದ ದುಡ್ಡು ನನಗೆ ಕೊಡಿ, ಬೇರೆ ಯಾವ ಯೋಜನೆಯೂ ಬೇಡ.

2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು ಬಂತು, ಒಳ್ಳೆಯದೇ. 2021ರಿಂದ ಹೊರದೇಶದ ತೊಗರಿಗೆ ಸುಂಕ ಇಲ್ಲದೆ ಬಾಗಿಲು ತೆರೆದರು, ಮೊಜಾಂಬಿಕ್, ಮ್ಯಾನ್ಮಾರ್‌ದು ಬಂದು ಬೀಳುತ್ತದೆ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ಅಂತ ಮಾಡಿದ್ದಾರೆ. ಹೊಲದಲ್ಲಿ ರಾಶಿ ಆಗಿ ಕೈಯಲ್ಲಿ ದುಡ್ಡು ಬೇಕಾದ ಹೊತ್ತಿಗೆ ಖರೀದಿ ಕೇಂದ್ರ ತೆರೆದಿರುವುದಿಲ್ಲ, ಅಡತಿಯವನು ಹೇಳಿದ ರೇಟಿಗೆ ಹಾಕಿ ಬರುತ್ತೇವೆ.

ಕಾರಂಜಾ ಮಾಸ್ತರ್, ಬೀದರ್

ಇಬ್ಬರೂ ಒಳ್ಳೆಯ ಮಾತು ಎತ್ತಿದ್ದೀರಿ. ಭೂತಾನ್ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ಯಾಕಂದರೆ ನಮ್ಮಲ್ಲಿ ಆ ದೇಶವನ್ನು ಸ್ವರ್ಗ ಅಂತಲೇ ಹೇಳಿಕೊಡುತ್ತಾರೆ.

ಒಳ್ಳೆಯದು ನಿಜವಾಗಿಯೂ ಇದೆ. 2008ರ ಸಂವಿಧಾನದ 5ನೇ ವಿಧಿಯಲ್ಲಿ ಶೇ. 60ರಷ್ಟು ನೆಲ ಎಂದೆಂದಿಗೂ ಕಾಡಾಗಿ ಇರಬೇಕು ಅಂತ ಬರೆದಿದ್ದಾರೆ. ಈಗ ಅದಕ್ಕಿಂತ ಜಾಸ್ತಿಯೇ ಇದೆ. ಆ ದೇಶ ಬಿಡುವ ಇಂಗಾಲಕ್ಕಿಂತ ಅಲ್ಲಿನ ಕಾಡು ಹೀರುವ ಇಂಗಾಲ ಜಾಸ್ತಿ. ನದಿ ನೀರಿನಿಂದ ವಿದ್ಯುತ್ ಮಾಡಿ ನಮ್ಮ ದೇಶಕ್ಕೇ ಮಾರುತ್ತಾರೆ. ಚುಖಾ, ತಾಲಾ, ಮಾಂಗ್ದೆಚ್ಚು ಎಲ್ಲ ಭಾರತದ ದುಡ್ಡು, ಸಾಲದಿಂದ ಆದ ಯೋಜನೆಗಳು. ತಾಲಾ ಒಂದೇ 1,020 ಮೆಗಾವಾಟ್.

ಈಗ ಇನ್ನೊಂದು ಮುಖ. ಚಳಿಗಾಲದಲ್ಲಿ ಹಿಮಾಲಯದ ನದಿ ಇಳಿಯುತ್ತದೆ, ಆಗ ಅವರೇ ಭಾರತದಿಂದ ವಿದ್ಯುತ್ ಕೊಳ್ಳುತ್ತಾರೆ. ಆ ಅಣೆಕಟ್ಟುಗಳ ಸಾಲ ದೇಶದ ತಲೆ ಮೇಲಿದೆ. ಪ್ರವಾಸಿಗರಿಂದ ದಿನಕ್ಕೆ 65 ಡಾಲರ್ ಶುಲ್ಕ ತೆಗೆದುಕೊಳ್ಳುತ್ತಿದ್ದರು, 2022ರಲ್ಲಿ ಅದನ್ನು 200ಕ್ಕೆ ಏರಿಸಿದರು, ಜನ ಬರುವುದು ಕಡಿಮೆ ಆಯಿತು, 2023ರಲ್ಲಿ 100ಕ್ಕೆ ಇಳಿಸಿದರು. ಓದಿದ ಹುಡುಗ ಹುಡುಗಿಯರು ಗುಂಪು ಗುಂಪಾಗಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ಕಾಡು ಉಳಿಯಿತು, ಮಕ್ಕಳು ಊರು ಬಿಟ್ಟರು. ನಮ್ಮ ಔರಾದ್, ಕಮಲನಗರದ ಮಕ್ಕಳು ಹೈದರಾಬಾದ್, ಪುಣೆ ಬಸ್ ಹತ್ತುವುದನ್ನು ನೋಡುವ ನನಗೆ ಇದು ದೂರದ ಸುದ್ದಿ ಅನಿಸುವುದಿಲ್ಲ. ಕೆಲಸ ಹುಟ್ಟಿಸದ ಹಸಿರನ್ನು ಮುಂದಿನ ತಲೆಮಾರು ಕಾಯುವುದಿಲ್ಲ.

ಸುಣ್ಣಕಲ್ಲು, ಚಿತ್ತಾಪುರ

ಸಿಮೆಂಟ್ ಕಾರ್ಖಾನೆಯಲ್ಲೇ ಕೆಲಸ ಮಾಡುವವನು, ಯಾವುದು ಅಂತ ಹೇಳುವುದಿಲ್ಲ. ಎರಡು ವಿಷಯ ಹೇಳಬೇಕು.

ಒಂದು, ಹೊಗೆ. ಜನ ಕಲ್ಲಿದ್ದಲು ಬಿಟ್ಟು ಸೋಲಾರ್ ಹಾಕಿದರೆ ಸಿಮೆಂಟ್ ಹಸಿರಾಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಸಿಮೆಂಟಿನ ಇಂಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಕಲ್ಲಿನ ಒಳಗಿಂದಲೇ. ಒಂದು ಟನ್ ಶುದ್ಧ ಸುಣ್ಣದ ಕಲ್ಲನ್ನು ಕಿಲ್ನ್ ಅನ್ನುವ ಸುಡುವ ಗೂಡಿನಲ್ಲಿ ಸುಟ್ಟರೆ 560 ಕಿಲೋ ಸುಣ್ಣ ಉಳಿಯುತ್ತದೆ, 440 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಬೆಂಕಿ ಯಾವುದರದಾದರೂ ಇರಲಿ, ಆ 440 ಹೋಗಿಯೇ ಹೋಗುತ್ತದೆ. ಕಡಿಮೆ ಮಾಡಬೇಕಾದರೆ ಚೀಲದಲ್ಲಿ ಕ್ಲಿಂಕರ್, ಅಂದರೆ ಕಲ್ಲು ಸುಟ್ಟು ಬರುವ ಗಟ್ಟಿ ಉಂಡೆಯ ಪಾಲು ಇಳಿಸಬೇಕು. ಹಾರುಬೂದಿ ಬೆರೆಸುವುದು ಹಳೆಯ ಪದ್ಧತಿ. ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣಕಲ್ಲು ಬೆರೆಸಿ ಮಾಡುವ ಎಲ್‌ಸಿ3 ಅನ್ನುವ ಸಿಮೆಂಟ್ ಇದೆ, ಐಐಟಿ ದೆಹಲಿ, ಐಐಟಿ ಮದ್ರಾಸ್, ಸ್ವಿಟ್ಜರ್ಲೆಂಡ್‌ನವರು ಸೇರಿ ಬೆಳೆಸಿದ್ದು. ಇಂಗಾಲ ಶೇ. 30ರಿಂದ 40ರಷ್ಟು ಕಡಿಮೆ. 2023ರಲ್ಲಿ ಅದಕ್ಕೆ ಭಾರತದ ಮಾನಕವೂ ಬಂತು. ಸರ್ಕಾರಿ ಶಾಲೆ, ರಸ್ತೆ ಟೆಂಡರ್‌ನಲ್ಲಿ ಇಂಥ ಸಿಮೆಂಟೇ ಬೇಕು ಅಂತ ಬರೆದರೆ ಕಂಪನಿಗಳು ತಾವಾಗಿ ಮಾಡುತ್ತವೆ. ಮಾರುಕಟ್ಟೆ ಇಲ್ಲದೆ ಯಾರೂ ಮಾಡುವುದಿಲ್ಲ.

ಎರಡು, ದುಡ್ಡು. ಕಾಗಿಣಾ ಅಣ್ಣ ಕೇಳಿದ್ದಕ್ಕೆ ಉತ್ತರ ಕಾನೂನಿನಲ್ಲಿ ಅರ್ಧ ಆಗಲೇ ಇದೆ. 2015ರಲ್ಲಿ ಗಣಿ ಕಾಯ್ದೆ ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಮಾಡಿದರು. ತೆಗೆದ ಕಲ್ಲಿಗೆ ಸರ್ಕಾರಕ್ಕೆ ಕಟ್ಟುವುದು ರಾಯಲ್ಟಿ. ಹಳೆಯ ಗುತ್ತಿಗೆಯವರು ಆ ರಾಯಲ್ಟಿ ಮೇಲೆ ಶೇ. 30, ಹರಾಜಿನಲ್ಲಿ ಪಡೆದವರು ಶೇ. 10 ಆ ಪ್ರತಿಷ್ಠಾನಕ್ಕೆ ಕಟ್ಟಬೇಕು. ಸುಣ್ಣಕಲ್ಲಿಗೆ 2014ರಲ್ಲಿ ಗೊತ್ತು ಮಾಡಿದ ರಾಯಲ್ಟಿ ಟನ್‌ಗೆ 80 ರೂಪಾಯಿ. ಅಂದರೆ ಹಳೆಯ ಗಣಿಯಿಂದ ಟನ್‌ಗೆ 24 ರೂಪಾಯಿ, ಹೊಸದರಿಂದ 8 ರೂಪಾಯಿ. ಟನ್‌ಗೆ ಕಡಿಮೆ ಅನಿಸಬಹುದು, ಲಕ್ಷ ಟನ್‌ಗೆ ಗುಣಿಸಿ ನೋಡಿ. ಇದು ಗಣಿಯಿಂದ ಬಾಧೆ ಆದ ಊರಿನ ಕುಡಿಯುವ ನೀರು, ಪರಿಸರ, ಆರೋಗ್ಯ, ಶಿಕ್ಷಣ, ದುಡಿಮೆ ಕಲಿಸುವುದು ಇವಕ್ಕೆ ಖರ್ಚಾಗಬೇಕು. ಕೋಸ್ಟರಿಕಾದವರು ಇಂಧನಕ್ಕೆ ಹಾಕಿದ್ದನ್ನು ನಮ್ಮವರು ಕಲ್ಲಿಗೆ ಹಾಕಿದ್ದಾರೆ. ಒಂದೇ ವ್ಯತ್ಯಾಸ, ಅಲ್ಲಿ ದುಡ್ಡು ನೇರ ಜಮೀನಿನವನ ಖಾತೆಗೆ ಹೋಗುತ್ತದೆ, ಇಲ್ಲಿ ಸಿಸಿ ರಸ್ತೆ, ಕಟ್ಟಡ ಆಗುತ್ತದೆ.

ಸಗರನಾಡು, ಶಹಾಪುರ

ಎಲ್ಲ ಅಣ್ಣಂದಿರ ಮಾತು ಓದಿದೆ. ಜಮೀನು ಇದ್ದವರಿಗೆ ದುಡ್ಡು, ಜಮೀನು ಇದ್ದವರಿಗೆ ಸಹಾಯಧನ. ನಮ್ಮಂಥ ಜಮೀನಿಲ್ಲದವರು ಈ ಲೆಕ್ಕದಲ್ಲಿ ಎಲ್ಲಿದ್ದೇವೆ?

ಪಾವಗಡದ್ದು ನೋಡಿ. 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್. ರೈತರ ಜಮೀನು ಕೊಂಡುಕೊಳ್ಳಲಿಲ್ಲ, ಲೀಜಿಗೆ ತೆಗೆದುಕೊಂಡರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಒಣ ನೆಲದ ರೈತನಿಗೆ ಅದು ಒಳ್ಳೆಯದೇ, ಭೂಮಿಯೂ ಅವನ ಹೆಸರಲ್ಲೇ ಉಳಿಯಿತು. ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿಗೆ, ಅಲ್ಲೇ ಕುರಿ ಮೇಯಿಸುತ್ತಿದ್ದವನಿಗೆ ಲೀಜ್ ಪತ್ರದಲ್ಲಿ ಒಂದು ಸಾಲೂ ಇಲ್ಲ. ಬೇಲಿ ಬಿತ್ತು, ಕೆಲಸ ಹೋಯಿತು. ಕೋಸ್ಟರಿಕಾದಲ್ಲೂ ಮೊದಲ ವರ್ಷಗಳಲ್ಲಿ ಜಾಸ್ತಿ ಲಾಭ ಆದದ್ದು ಪಟ್ಟಾ ಸರಿ ಇದ್ದ ದೊಡ್ಡ ಜಮೀನಿನವರಿಗೆ ಅಂತ ಓದಿದ್ದೇನೆ. ನಮ್ಮ ಕಡೆ ಸೋಲಾರ್ ಬಂದಾಗ ಇದೇ ಆಗಬೇಕಾ?

ಕಾಲುವೆ ಬಗ್ಗೆಯೂ ಹೇಳುತ್ತೇನೆ. ನಾರಾಯಣಪುರ ಡ್ಯಾಂ ಬಂದಮೇಲೆ ಶಹಾಪುರ, ಸುರಪುರ ಹಸಿರಾಯಿತು ಅಂತ ಎಲ್ಲರೂ ಹೇಳುತ್ತಾರೆ, ನಿಜ. ಜೋಳ, ಶೇಂಗಾ ಹೋಗಿ ಭತ್ತ ಬಂತು. ನೀರು ನಿಂತು ನಿಂತು ತಗ್ಗಿನ ಹೊಲ ಸವಳಾಗಿ ಹೋಯಿತು. ಮೇಲ್ಗಡೆಯವನಿಗೆ ನೀರು ಜಾಸ್ತಿ ಆಗಿ ಭೂಮಿ ಕೆಟ್ಟಿತು, ಕಾಲುವೆ ಕೊನೆಯವನಿಗೆ ನೀರೇ ಮುಟ್ಟಲಿಲ್ಲ. ಹಸಿರು ಕಂಡದ್ದೆಲ್ಲ ಬಹಳ ದಿನ ಬಾಳುವುದಿಲ್ಲ.

ದೀಪಾವಳಿ ಮುಗಿದ ಮೇಲೆ ನಮ್ಮ ತಾಂಡಾ, ಓಣಿ ಖಾಲಿ. ಬೆಂಗಳೂರು, ಮುಂಬೈ ಗುಳೆ. ಅಲ್ಲಿ ಹೋಗಿ ಇದೇ ಚಿತ್ತಾಪುರದ ಸಿಮೆಂಟ್ ಹೊರುತ್ತೇವೆ. ಊರಲ್ಲೇ ವರ್ಷಪೂರ್ತಿ ಕೆಲಸ ಸಿಕ್ಕರೆ ಅದಕ್ಕೆ ನೀವು ಯಾವ ಹೆಸರು ಇಟ್ಟರೂ ನನಗೆ ಒಪ್ಪಿಗೆ.

ಎರೆಹೊಲ, ಆಳಂದ

ತಂಗೀ, ನಿನ್ನ ಮಾತು ಸರಿ ಇದೆ. ನನ್ನ ಹೊಲದ ಒಡ್ಡು ಹಾಕಿದವರು, ಕೃಷಿ ಹೊಂಡ ತೋಡಿದವರು ಕೂಲಿಯವರೇ. ತೊಗರಿಗೆ ಎಕರೆ ಲೆಕ್ಕದಲ್ಲಿ ದುಡ್ಡು ಕೊಡುವುದಾದರೆ ಅದರಲ್ಲಿ ಒಂದು ಪಾಲು ಒಡ್ಡು, ಹೊಂಡದ ಕೂಲಿಗೆ ಅಂತಲೇ ಕಟ್ಟಿಡಬೇಕು. ಒಡ್ಡು ಇಲ್ಲದ ಎರೆ ಹೊಲದಲ್ಲಿ ಒಂದು ಜೋರು ಮಳೆಗೆ ಮೇಲ್ಮಣ್ಣು ಭೀಮಾ ಸೇರುತ್ತದೆ.

ಇನ್ನೊಂದು ಎಚ್ಚರಿಕೆ. ಯಾರಾದರೂ "ನಾಳೆಯಿಂದ ರಾಸಾಯನಿಕ ಬಂದ್" ಅಂತ ಬಂದರೆ ಒಪ್ಪಬೇಡಿ. ಶ್ರೀಲಂಕಾ 2021ರ ಏಪ್ರಿಲ್‌ನಲ್ಲಿ ಹಾಗೆ ಮಾಡಿತು. ರೈತರಿಗೆ ತಯಾರಿಗೆ ಸಮಯ ಕೊಡಲಿಲ್ಲ, ಅಷ್ಟು ಸಾವಯವ ಗೊಬ್ಬರವೂ ದೇಶದಲ್ಲಿ ಇರಲಿಲ್ಲ. ಭತ್ತ ಬಿತ್ತು, ಚಹಾ ಬಿತ್ತು, ನವೆಂಬರ್ ಹೊತ್ತಿಗೆ ಆದೇಶ ಹಿಂದಕ್ಕೆ ತೆಗೆದುಕೊಂಡರು. ಅಕ್ಕಿಯನ್ನು ಹೊರಗಿಂದ ತರಿಸುವ ಸ್ಥಿತಿ ಬಂತು. ನಮ್ಮಲ್ಲೂ 2022ರಲ್ಲಿ ತೊಗರಿಗೆ ನೆಟೆ ರೋಗ ಬಂದು ಹೂ, ಕಾಯಿ ಹಿಡಿದ ಹೊಲ ನಿಂತಲ್ಲೇ ಒಣಗಿತಲ್ಲ, ಅಂಥ ವರ್ಷ ರೈತನ ಕೈ ಹಿಡಿಯುವ ವ್ಯವಸ್ಥೆ ಇಲ್ಲದೆ ಯಾವ ಬದಲಾವಣೆಯನ್ನೂ ಹೇರಬಾರದು. ವರ್ಷಾ ವರ್ಷಾ ಅದೇ ಹೊಲಕ್ಕೆ ತೊಗರಿ ಹಾಕಿದರೆ ರೋಗ ಮಣ್ಣಲ್ಲೇ ಉಳಿಯುತ್ತದೆ. ಜೋಳ, ಸಜ್ಜೆ, ಹೆಸರು, ಎಳ್ಳು ಜೊತೆಗೆ ತಿರುಗಿಸಬೇಕು. ತಿರುಗಿಸಿದವನಿಗೇ ಆ ದುಡ್ಡು ಅಂತ ಷರತ್ತು ಹಾಕಿದರೆ ನಾನು ಮೊದಲು ಸಹಿ ಮಾಡುತ್ತೇನೆ.

ಜಗತ್ ಸರ್ಕಲ್, ಕಲಬುರಗಿ

ಕಾಕಾ, ಎಲ್ಲರೂ ಹೊಲದ ಮಾತೇ ಆಡುತ್ತಿದ್ದೀರಿ. ನಾನು ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಕಲಬುರಗಿಗೆ ಪಿಎಂ ಮಿತ್ರಾ ಜವಳಿ ಪಾರ್ಕ್ ಅಂತ 2023ರಲ್ಲಿ ಘೋಷಣೆ ಆಯಿತು, 1,000 ಎಕರೆ. ನಮ್ಮ ಹುಡುಗರು ಅದನ್ನೇ ಕಾಯುತ್ತಿದ್ದಾರೆ. ಅದಕ್ಕೂ ಪರಿಸರ ಅಂತ ಅಡ್ಡ ಬರುವುದು ಬೇಡ ದಯವಿಟ್ಟು.

ಸೋಲಾರ್ ಬಗ್ಗೆ ಒಂದು ಮಾತು. ಇಲ್ಲಿ ಏಪ್ರಿಲ್, ಮೇ ಬಿಸಿಲು 43 ಡಿಗ್ರಿ ಮುಟ್ಟುತ್ತದೆ, ಮನೆ ಮೇಲೆಲ್ಲ ಪ್ಯಾನೆಲ್ ಇರಬೇಕಿತ್ತು. 2024ರ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ಆದರೆ ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಬಿಲ್ ಸೊನ್ನೆ ಬರುವಾಗ ಕೈಯಿಂದ ದುಡ್ಡು ಹಾಕಿ ಪ್ಯಾನೆಲ್ ಯಾರು ಕೂರಿಸುತ್ತಾರೆ? ನಮ್ಮ ಓಣಿಯಲ್ಲಿ ಯಾರೂ ಕೂರಿಸಿಲ್ಲ. ಬಿಲ್‌ಗೆ ಕೊಡುವ ಆ ದುಡ್ಡಲ್ಲೇ ಮನೆ ಮೇಲೆ ಪ್ಯಾನೆಲ್ ಹಾಕಿಕೊಟ್ಟರೆ ಬಿಲ್ಲೂ ಸೊನ್ನೆ, ಕೂರಿಸುವ ನಮ್ಮಂಥವರಿಗೆ ಕೆಲಸವೂ ಆಗುತ್ತದೆ.

ಕಾಗಿಣಾ ದಂಡೆ, ಸೇಡಂ

ತಮ್ಮಾ, ಜವಳಿ ಪಾರ್ಕ್‌ಗೆ ಇಲ್ಲಿ ಯಾರೂ ಅಡ್ಡ ಬರುತ್ತಿಲ್ಲ. ಬಣ್ಣ ಹಾಕುವ ಘಟಕಕ್ಕೆ ನೀರು ಬಹಳ ಬೇಕು, ಹೊರಗೆ ಬಿಡುವ ನೀರು ಇನ್ನೂ ದೊಡ್ಡ ಸಮಸ್ಯೆ. ನಮ್ಮ ಭಾಗದ ಒಂದು ಕೈಗಾರಿಕಾ ಪ್ರದೇಶದ ಪಕ್ಕ ನಮ್ಮ ಸಂಬಂಧಿಕರ ಮನೆ ಇದೆ. ರಾತ್ರಿ ವಾಸನೆಗೆ ಕಿಟಕಿ ತೆರೆಯುವಂತಿಲ್ಲ, ಬಾವಿ ನೀರು ಕುಡಿಯುವುದು ಬಿಟ್ಟಿದ್ದಾರೆ. ನೀರು ಶುದ್ಧ ಮಾಡಿ ಮತ್ತೆ ಬಳಸುವ ಘಟಕ ಮೊದಲು, ಕಾರ್ಖಾನೆ ಆಮೇಲೆ. ಅಷ್ಟೇ ನಾನು ಕೇಳುವುದು. ಆ ಘಟಕ ನಡೆಸುವುದಕ್ಕೂ ನಿನ್ನಂಥ ಡಿಪ್ಲೊಮಾ ಮುಗಿಸಿದವರೇ ಬೇಕು. ಪ್ಯಾನೆಲ್ ಮಾತು ಬಹಳ ಹಿಡಿಸಿತು.

ಕಾರಂಜಾ ಮಾಸ್ತರ್, ಬೀದರ್

ನೀರಿನ ಮಾತು ಬಂತಲ್ಲ, ದಕ್ಷಿಣ ಅಮೆರಿಕದ ಸಣ್ಣ ದೇಶ ಉರುಗ್ವೆ ಕತೆ ಹೇಳಲೇಬೇಕು. ಬರ ಬಂದಾಗಲೆಲ್ಲ ಡ್ಯಾಂ ಖಾಲಿ, ತೈಲಕ್ಕೆ ಕೈ ಚಾಚಬೇಕು, ಅದು ಅವರ ಕಷ್ಟ. 2008ರಲ್ಲಿ ಇಂಧನ ನೀತಿ ಮಾಡಿದರು, ಎಲ್ಲ ಪಕ್ಷಗಳೂ ಒಪ್ಪಿದವು, ಸರ್ಕಾರ ಬದಲಾದರೂ ಅದು ಬದಲಾಗಲಿಲ್ಲ. ಸರ್ಕಾರಿ ವಿದ್ಯುತ್ ಸಂಸ್ಥೆ ಹರಾಜು ಮಾಡಿ ಗಾಳಿ ವಿದ್ಯುತ್ತಿಗೆ ದೀರ್ಘ ಒಪ್ಪಂದ ಕೊಟ್ಟಿತು. ಹತ್ತು ವರ್ಷದ ಒಳಗೆ ವಿದ್ಯುತ್ತಿನಲ್ಲಿ ಶೇ. 90ಕ್ಕಿಂತ ಜಾಸ್ತಿ ಗಾಳಿ, ನೀರು, ಬಿಸಿಲು, ಮರ, ಕೃಷಿ ತ್ಯಾಜ್ಯದಿಂದ ಬರತೊಡಗಿತು. ಅದೇ ದೇಶದ ರಾಜಧಾನಿ ಮಾಂಟೆವಿಡಿಯೋದಲ್ಲಿ 2023ರಲ್ಲಿ ಬರ ಬಂದು ಜಲಾಶಯ ಬತ್ತಿತು, ನಲ್ಲಿಯಲ್ಲಿ ಉಪ್ಪು ನೀರು ಬೆರೆಸಿ ಬಿಟ್ಟರು. ವಿದ್ಯುತ್ ಗೆದ್ದವರು ನೀರಲ್ಲಿ ಸೋತರು.

ನಮ್ಮ ಬೀದರ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ, ನೌಬಾದ್ ಹತ್ತಿರ. ಜಂಬಿಟ್ಟಿಗೆ ಕಲ್ಲಿನಲ್ಲಿ ನೆಲದಡಿ ಕಾಲುವೆ ಕೊರೆದು, ಅಲ್ಲಲ್ಲಿ ಗಾಳಿಬಾವಿ ಬಿಟ್ಟು, ಇಂಗಿದ ಮಳೆ ನೀರನ್ನು ಇಳಿಜಾರಿನಲ್ಲೇ ಊರಿಗೆ ಹರಿಸಿದ್ದರು. ಪಂಪ್ ಇಲ್ಲ, ಬಿಲ್ ಇಲ್ಲ. ಹೂಳು ತೆಗೆಸುವ ಕೆಲಸ ಸ್ವಲ್ಪ ಆಯಿತು. ಆದರೆ ಆ ಸುರಂಗಕ್ಕೆ ನೀರು ಇಂಗುವ ಮೇಲಿನ ನೆಲದಲ್ಲಿ ಲೇಔಟ್, ಬೋರ್‌ವೆಲ್ ಬರುತ್ತಿದ್ದರೆ ಸುರಂಗ ಮಾತ್ರ ತೊಳೆದು ಏನು ಮಾಡುವುದು? ಮೂರು ಜಿಲ್ಲೆಯಲ್ಲಿ ಎಲ್ಲಿ ನೀರು ಇಂಗುತ್ತದೋ ಆ ನೆಲವನ್ನು ನಕ್ಷೆಯಲ್ಲಿ ಗುರುತು ಮಾಡಿ, ಅಲ್ಲಿ ಕಟ್ಟಡ ಬೇಡ ಅನ್ನಬೇಕು, ಆ ಜಮೀನಿನವರಿಗೆ ವರ್ಷಾ ದುಡ್ಡು ಕೊಡಬೇಕು. ಕೋಸ್ಟರಿಕಾದ ಪದ್ಧತಿ ನಮಗೆ ಸರಿಯಾಗಿ ಹೊಂದುವುದು ಇಲ್ಲಿ. ಕಾಡು ಇಲ್ಲದಿದ್ದರೆ ಇಂಗುವ ನೆಲ ಕಾಯೋಣ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಮೇಲೆ ನಮಗೆ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ, ಅದರದೇ ಅನುದಾನವೂ ಇದೆ. ಸಣ್ಣ ದೇಶಗಳಿಗೆ ಇರುವಂಥ ಒಂದು ಪ್ರತ್ಯೇಕ ಖಜಾನೆ ಅದು. ಅದರಲ್ಲಿ ಮಣ್ಣು, ನೀರಿಗೆ ಇಷ್ಟು ಪಾಲು ಅಂತ ಮೊದಲೇ ತೆಗೆದಿಡುವುದು ಕಷ್ಟದ ಕೆಲಸ ಅಲ್ಲ.

ಸುಣ್ಣಕಲ್ಲು, ಚಿತ್ತಾಪುರ

ಮಾಸ್ತರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಖನಿಜ ಪ್ರತಿಷ್ಠಾನದ ನಿಯಮ 2024ರಲ್ಲಿ ಬದಲಾಗಿದೆ. ಗಣಿಯಿಂದ 15 ಕಿ.ಮೀ. ಒಳಗಿನ ಊರು ನೇರ ಬಾಧಿತ ಪ್ರದೇಶ. ಕನಿಷ್ಠ ಶೇ. 70 ದುಡ್ಡು ನೀರು, ಆರೋಗ್ಯ, ಪರಿಸರದಂಥ ಆದ್ಯತೆಯ ಕೆಲಸಕ್ಕೇ ಹೋಗಬೇಕು. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತ 15 ಕಿ.ಮೀ. ಗೆರೆ ಎಳೆದರೆ ಎಷ್ಟೋ ಹಳ್ಳಿ ಒಳಗೆ ಬರುತ್ತವೆ. ಮುಗಿದ ಗಣಿ ಗುಂಡಿಗಳಲ್ಲಿ ಮಳೆ ನೀರು ನಿಂತಿದೆ, ಅದನ್ನು ಶೋಧಿಸಿ ಊರಿಗೆ ಕೊಡಬಹುದು, ದಂಡೆ ಮೇಲೆ ಬೇವು, ಹೊಂಗೆ ಬೆಳೆಸಬಹುದು. ಪಂಚಾಯಿತಿಯಿಂದ ಕೆಲಸದ ಪಟ್ಟಿ ಹೋಗದಿದ್ದರೆ ಮೇಲಿನವರು ತಮಗೆ ತಿಳಿದದ್ದನ್ನು ಮಾಡುತ್ತಾರೆ. ಅದಕ್ಕೆ ಗ್ರಾಮಸಭೆಯಲ್ಲಿ ಬರೆಸಿ, ಠರಾವು ಮಾಡಿಸಿ, ನಕಲು ತೆಗೆದುಕೊಳ್ಳಿ.

ಕಾಗಿಣಾ ದಂಡೆ, ಸೇಡಂ

ಸರಿ ಅಣ್ಣಾ. ನಮ್ಮ ಪಂಚಾಯಿತಿಗೆ ಅರ್ಜಿ ನಾನು ಬರೆಯುತ್ತೇನೆ. ಒಡ್ಡು ಮತ್ತು ಹೊಂಡ, ಬೆಳೆ ತಿರುಗಿಸಿದವರಿಗೆ ಎಕರೆ ದುಡ್ಡು, ಗಣಿ ಗುಂಡಿಯ ನೀರು. ಕೂಲಿಯ ಪಾಲು ಮೊದಲ ಸಾಲಲ್ಲೇ ಇರುತ್ತದೆ. ಕರಡು ಇಲ್ಲೇ ಹಾಕುತ್ತೇನೆ, ತಿದ್ದಿ ಕೊಡಿ.

ಸಗರನಾಡು, ಶಹಾಪುರ

ಅಣ್ಣಾ, ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಿ. ಗ್ರಾಮಸಭೆಯನ್ನು ಹಗಲು ಹನ್ನೊಂದಕ್ಕೆ ಕರೆಯುತ್ತಾರೆ, ಆಗ ನಾವೆಲ್ಲ ಹೊಲದಲ್ಲಿ ಇರುತ್ತೇವೆ. ಕೂಲಿ ಮುಗಿದ ಮೇಲೆ, ಸಂಜೆ ಆರಕ್ಕೆ ಇಡಬೇಕು. ದೀಪಾವಳಿಗೆ ಮುಂಚೆಯೇ ಇಡಬೇಕು, ಆಮೇಲೆ ಕೈ ಎತ್ತಲು ಊರಲ್ಲಿ ನಾವು ಇರುವುದಿಲ್ಲ.